ಗಂತಿಗೆ ಮುನ್ನ ತೂಕ

ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಹೊಕ್ಕೊಡನೆ ಎಲ್ಲರ ಚಿತ್ತವೂ ಗಂತಿಯ ಕಡೆಗೆ ಹರಿಯುವುದು ಸಹಜವೇ. ಅದು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹಬ್ಬಿದೆ, ಶಸ್ತ್ರಚಿಕಿತ್ಸೆ ಎಂದು ಎಂಬುವೇ ಪ್ರಶ್ನೆಗಳು. ರೋಗಿಯ ಪಂಚೆ ಸೊಂಟದಲ್ಲಿ ನಿಲ್ಲದಿರುವುದನ್ನು ಎಲ್ಲರೂ ಕಂಡಿರುವರು. ಆದರೆ ರೋಗ ಬಂದ ಮೇಲೆ ಸೊರಗುವುದು ಇದ್ದದ್ದೇ ಎಂದು ಸುಮ್ಮನಾಗುವರು. ಈ ಸೊರಗುವಿಕೆ ತಾನೇ ಒಂದು ಕೇಡೆಂಬುದನ್ನೂ, ಚಿಕಿತ್ಸೆಗೆ ಮೊದಲೇ ಅದನ್ನು ಅಳೆಯತಕ್ಕದ್ದೆಂಬುದನ್ನೂ ನಾವು ಇಲ್ಲಿ ವಿವರಿಸಲು ಎಣಿಸಿದ್ದೇವೆ.

೧೯೩೬ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಸ್ಟಡ್ಲಿ ಎಂಬ ಶಸ್ತ್ರವೈದ್ಯನು, ಜಠರದ ಹುಣ್ಣಿಗಾಗಿ ಶಸ್ತ್ರಚಿಕಿತ್ಸೆ ಪಡೆದ ೪೬ ಮಂದಿಯ ಲೆಕ್ಕವನ್ನು ಪ್ರಕಟಿಸಿದನು. ಮೊದಲೇ ತಮ್ಮ ತೂಕದಲ್ಲಿ ಐದರಲ್ಲೊಂದು ಪಾಲನ್ನು ಕಳೆದುಕೊಂಡಿದ್ದವರಲ್ಲಿ ಮೂವರಿಗೊಬ್ಬರು ತೀರಿಕೊಂಡರು. ಉಳಿದವರಲ್ಲಿ ನೂರಕ್ಕೆ ನಾಲ್ವರೂ ಇಲ್ಲ. ಅದು ಕ್ಯಾನ್ಸರ್ ಅಲ್ಲ, ನಿಜ. ಆದರೆ ೧೯೮೦ರಲ್ಲಿ ಅದೇ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿದಾಗಲೂ, ಔಷಧಚಿಕಿತ್ಸೆಗೆ ಮುಂಚೆಯೇ ತೂಕ ಇಳಿದಿದ್ದವರು ಬಹುಪಾಲು ಬಗೆಯ ಕ್ಯಾನ್ಸರುಗಳಲ್ಲಿ ಕಡಮೆ ಕಾಲ ಬದುಕಿದರೆಂದು ಕಂಡುಬಂದಿತು.

ಸೊರಗುವುದೇಕೆ? ಬಾಯಿ, ಗಂಟಲು, ಅನ್ನನಾಳಗಳಲ್ಲಿ ಗಂತಿಯಿದ್ದರೆ ತುತ್ತು ಇಳಿಯದು. ಹೊಗೆಸೊಪ್ಪು ಅಡಕೆ ಅಗಿಯುವ ನಮ್ಮ ನಾಡಿನಲ್ಲಿ ಈ ಕಷ್ಟವನ್ನು ಅರಿಯದವರು ವಿರಳ. ಎರಡನೆಯ ಕಾರಣ ಗೂಢವಾದುದು. ಬರಿಯ ಉಪವಾಸದಲ್ಲಿ ದೇಹವು ಕೊಬ್ಬನ್ನು ಕರಗಿಸಿ ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುವುದು. ಕ್ಯಾನ್ಸರಿನಲ್ಲಾದರೋ, ಗಂತಿಯೂ ಅದರೊಡನೆ ಹೋರುವ ದೇಹವೂ ಸೇರಿ ಉರಿಯೂತದ ದ್ರವ್ಯಗಳನ್ನು ರಕ್ತಕ್ಕೆ ಬಿಡುವುವು. ಇವು ಹಸಿವನ್ನು ಅಡಗಿಸಿ ಮಾಂಸಖಂಡವನ್ನೇ ಕರಗಿಸುವುವು. ಆದುದರಿಂದ "ತಿನ್ನಲೊಲ್ಲೆ" ಎನ್ನುವ ರೋಗಿಯನ್ನು ಹಟಮಾರಿ ಎಂದು ಗದರಿಸುವುದು ಅನ್ಯಾಯ.

ಅಳೆಯುವ ಕ್ರಮ ಸುಲಭ. ೧೯೮೦ರ ದಶಕದಲ್ಲಿ ಟೊರಾಂಟೋ ನಗರದ ವೈದ್ಯರು ರೂಪಿಸಿದ ಪರೀಕ್ಷೆಗೆ ಪ್ರಶ್ನೆಗಳೂ ಕಣ್ಣು ಕೈಗಳೂ ಸಾಕು. ಆರು ತಿಂಗಳ ಹಿಂದಿನ ತೂಕವೆಷ್ಟು? ಊಟ ಎಷ್ಟು ತಗ್ಗಿದೆ? ವಾಂತಿ ಭೇದಿಗಳುಂಟೆ? ನಡೆದಾಡುವ ಶಕ್ತಿ ಇದೆಯೆ? ಬಳಿಕ ತೋಳು, ತೊಡೆ, ಕಪೋಲಗಳನ್ನು ಮುಟ್ಟಿ ನೋಡುವರು. ಪ್ರಯತ್ನವಿಲ್ಲದೆ ಆರು ತಿಂಗಳಲ್ಲಿ ನೂರಕ್ಕೆ ೫ಕ್ಕಿಂತ ಹೆಚ್ಚು ತೂಕ ಇಳಿದಿದ್ದರೆ ಎಚ್ಚರ ಬೇಕು. ೧೦ನ್ನು ಮೀರಿದರೆ ಸ್ಥಿತಿ ತೀವ್ರ. ೫೬ ಕಿಲೋ ಇದ್ದವರು ೫೦ಕ್ಕೆ ಇಳಿದರೆ ಆ ಗೆರೆ ದಾಟಿದಂತೆಯೇ. ತಕ್ಕಡಿಯೂ ಮೋಸಮಾಡುವುದುಂಟು: ಹೊಟ್ಟೆಯಲ್ಲಿ ನೀರು ತುಂಬಿದರೆ, ಕಾಲು ಬಾತರೆ ತೂಕ ಇಳಿದುದು ತೋರದು, ಸ್ಥೂಲಕಾಯರಲ್ಲಿ ಮಾಂಸಖಂಡ ಕರಗಿದ್ದರೂ ಕೊಬ್ಬು ಅದನ್ನು ಮರೆಮಾಡುವುದು. ರಕ್ತದ ಆಲ್ಬುಮಿನ್ ಒಂದನ್ನೇ ನಂಬುವಂತೆಯೂ ಇಲ್ಲ. ಉರಿಯೂತವೂ ಅದನ್ನು ತಗ್ಗಿಸುವುದು.

ಇನ್ನು ನಮ್ಮ ಮನೆಗಳ ಗಂಜಿ. ೫೦ ಕಿಲೋ ತೂಕದ ರೋಗಿಗೆ ದಿನಕ್ಕೆ ಸುಮಾರು ೧೨೫೦ರಿಂದ ೧೫೦೦ ಕ್ಯಾಲೊರಿ, ೫೦ರಿಂದ ೭೫ ಗ್ರಾಂ ಪ್ರೋಟೀನು ಬೇಕು. ನೂರು ಗ್ರಾಂ ಅಕ್ಕಿಯ ಗಂಜಿಯನ್ನು ದಿನವೆಲ್ಲ ಕುಡಿಸಿದರೂ ದೊರೆಯುವುದು ಸುಮಾರು ೩೫೦ ಕ್ಯಾಲೊರಿ, ಏಳು ಗ್ರಾಂ ಪ್ರೋಟೀನು. ಪ್ರೀತಿಯಿಂದ ಉಪವಾಸ ಹಾಕಿದಂತಾಯಿತು! ಗಂಜಿಗೆ ಬೇಳೆಯ ಕಟ್ಟು, ಹಾಲು, ತುಪ್ಪ, ಒಗ್ಗುವವರಿಗೆ ಮೊಟ್ಟೆ ಬೆರೆಯಲಿ. ಹೆಚ್ಚು ಉಣಿಸಿದರೆ ಗಂತಿ ಬೆಳೆದೀತೆಂದು ಅಂಜಿ ಅನ್ನ ತಗ್ಗಿಸುವವರೂ ಉಂಟು. ಮನುಷ್ಯರಲ್ಲಿ ಈ ಅಂಜಿಕೆಗೆ ಆಧಾರ ಸಿಕ್ಕಿಲ್ಲ, ಕರಗುವುದು ರೋಗಿಯೇ.

ತೀವ್ರವಾಗಿ ಸೊರಗಿದವರಿಗೆ ಶಸ್ತ್ರಚಿಕಿತ್ಸೆಯನ್ನು ಒಂದೆರಡು ವಾರ ತಡೆದಾದರೂ, ಬೇಕಾದರೆ ನಳಿಕೆಯ ಮೂಲಕ, ಪೋಷಣೆ ಕೊಡುವುದು ಮೇಲೆಂದು ತಜ್ಞರ ಮತ. ಆದರೆ ಬಹುಕಾಲ ಉಣ್ಣದವರಿಗೆ ಒಮ್ಮೆಗೇ ತುಂಬ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವುಂಟು. ಇದು ವೈದ್ಯರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ನಡೆಯಬೇಕಾದ ಕೆಲಸ. ಮನೆಯವರು ಮೊದಲ ಭೇಟಿಗೆ ಹೋಗುವಾಗ ಪರೀಕ್ಷೆಯ ಕಾಗದಗಳೊಡನೆ ರೋಗಿಯ ಹಳೆಯ ತೂಕವನ್ನೂ ಬರೆದುಕೊಂಡು ಹೋಗಲಿ.