ಚೆಂಡಿಲ್ಲದವನ ಓಟ

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದದ್ದು ಹತ್ತಿಯ ಗಿರಣಿಗಳಿಂದ. ಗಿರಣಿಗಳ ಸದ್ದು ಅಡಗಿ ಬಹಳ ಕಾಲವಾಯಿತು; ಬಿರುದು ಮಾತ್ರ ಉಳಿದಿದೆ. ಇಂಗ್ಲೆಂಡಿನ ಮೂಲ ಮ್ಯಾಂಚೆಸ್ಟರಿನಲ್ಲಿಯೂ ಹತ್ತಿಯ ವೈಭವ ಮುಗಿದ ಕಥೆಯೇ. ಆದರೆ 1878ರಲ್ಲಿ ಅಲ್ಲಿನ ರೈಲ್ವೆ ಕೆಲಸಗಾರರು ಕಟ್ಟಿಕೊಂಡ ಕಾಲ್ಚೆಂಡಿನ ತಂಡವೊಂದು ಇಂದು ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ನಾವು ಆ ಊರಿನ ಹೆಸರನ್ನು ತಂದುಕೊಂಡೆವು, ಚೆಂಡನ್ನು ಅಷ್ಟಾಗಿ ತರಲಿಲ್ಲ. ನಮ್ಮದು ಕುಸ್ತಿಯ ಊರು. ಕಬಡ್ಡಿ, ಖೊ-ಖೊ, ಕ್ರಿಕೆಟ್‌ಗಳ ಊರು. ಆದರೂ ಸಂಜೆಯ ವೇಳೆ ಹೈಸ್ಕೂಲು ಮೈದಾನದ ಒಂದು ಮೂಲೆಯಲ್ಲಿ ಹುಡುಗರು ಕಾಲ್ಚೆಂಡನ್ನು ಒದೆಯುವುದುಂಟು. ಪಾಠ ಹೇಳುವ ಕಸುಬಿನವನಾದ ನಾನು ಆ ಮೂಲೆಯ ಹಳೆಯ ಪ್ರೇಕ್ಷಕ.

ಹೊಸದಾಗಿ ಆಡುವ ಹುಡುಗರನ್ನು ನೋಡಿರಿ. ಚೆಂಡು ಎಲ್ಲಿಗೆ ಹೋದರೆ ಹತ್ತೂ ಜನ ಅಲ್ಲಿಗೆ ಓಡುತ್ತಾರೆ, ಬೆಲ್ಲದಚ್ಚಿಗೆ ಇರುವೆ ಮುತ್ತಿದ ಹಾಗೆ. ಹಾಗೆ ಮುತ್ತಿದ ಮೇಲೆ ಕಾಲಿಗೆ ಕಾಲು ತಾಗುತ್ತದೆಯೇ ಹೊರತು ಗೋಲು ಆಗುವುದಿಲ್ಲ. ನೋಡುವವರಾದ ನಾವೂ ಹಾಗೆಯೇ. ನಮ್ಮ ಕಣ್ಣೂ ಚೆಂಡನ್ನು ಬಿಟ್ಟು ಅಲುಗದು. ಒಂದು ಸಣ್ಣ ಲೆಕ್ಕ ಹಾಕೋಣ. ಪಂದ್ಯ 90 ನಿಮಿಷ, ಆಟಗಾರರು 22, ಚೆಂಡು ಒಂದು. ಸಮಪಾಲು ಹಂಚಿದರೂ ಒಬ್ಬನ ಪಾಲಿಗೆ ನಾಲ್ಕು ನಿಮಿಷ ಸಿಕ್ಕೀತು. ಉಳಿದ 86 ನಿಮಿಷ ಅವನು ಏನು ಮಾಡುತ್ತಾನೆ? ಕಾಲ್ಚೆಂಡಿನ ಆಕ್ರಮಣಕಲೆಯ ಬಹುಭಾಗ ಈ ಪ್ರಶ್ನೆಯ ಉತ್ತರದಲ್ಲಿದೆ ಎಂಬುದು ನನ್ನ ಮತ.

ಗಿರಣಿಯ ಊರಿನವರಿಗೆ ಇದನ್ನು ಮಗ್ಗದ ಮಾತಿನಲ್ಲಿಯೇ ಹೇಳಬಹುದು. ಮಗ್ಗದಲ್ಲಿ ಎಲ್ಲರ ಕಣ್ಣು ಸೆಳೆಯುವುದು ಅತ್ತಿಂದಿತ್ತ ಹಾರುವ ಲಾಳಿ. ಆದರೆ ಹಾಸಿನ ಎಳೆಗಳಲ್ಲಿ ಕೆಲವು ಮೇಲಕ್ಕೆದ್ದು ಕೆಲವು ಕೆಳಗಿಳಿದು ನಡುವೆ ದಾರಿ ಬಿಟ್ಟಾಗ ಮಾತ್ರ ಲಾಳಿ ನುಸುಳೀತು. ಎಳೆಗಳು ಕದಲದಿದ್ದರೆ ಎಂಥ ಚುರುಕಿನ ಲಾಳಿಯೂ ಒಂದು ಗೇಣು ಬಟ್ಟೆಯನ್ನು ನೇಯಲಾರದು. ಚೆಂಡು ಲಾಳಿ, ಆಟಗಾರರು ಹಾಸು. ಹಾಸುಹೊಕ್ಕು ಎಂಬ ನಮ್ಮ ಮಾತು ಈ ಆಟಕ್ಕೆ ಚೆನ್ನಾಗಿ ಒಪ್ಪುತ್ತದೆ.

ಆದರೆ ನಮ್ಮ ಮೆಚ್ಚುಗೆಯೆಲ್ಲ ಲಾಳಿಗೇ ಮೀಸಲಾದುದಕ್ಕೆ ಕಾರಣವಿಲ್ಲದಿಲ್ಲ. ಕಾಲಿನಲ್ಲಿ ಚೆಂಡನ್ನು ಕುಣಿಸುವ ವಿದ್ಯೆಯಲ್ಲಿ ಈ ನಾಡು ದೊಡ್ಡ ಹೆಸರು ಪಡೆದಿತ್ತು. 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. ಮಾರನೆಯ ವರುಷ ಮತ್ತೆ ಅವರೇ ಗೆದ್ದರು. ಅದೇ ಬೆಂಗಳೂರಿನ ಅಹ್ಮದ್ ಖಾನರನ್ನು ಜನ ಹಾವಾಡಿಗನೆಂದು ಕರೆದರು. ಎದುರಾಳಿ ಅವರ ಕಾಲನ್ನೇ ನೋಡುತ್ತ ಮರುಳಾಗಿ ನಿಲ್ಲುತ್ತಿದ್ದನಂತೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹುಡುಗರು ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿದರು. ಸೋತದ್ದು 2-1ರಿಂದ, ನಮ್ಮ ಆ ಒಂದು ಗೋಲು ಮೈಸೂರು ಸಂಸ್ಥಾನದ ತಂಡದಲ್ಲಿ ಆಡುತ್ತಿದ್ದ ರಾಮನ್ ಅವರದು.

ಅಹ್ಮದ್ ಖಾನರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಇವರು ಸೇರಿ ಐವರ ಮುಂಚೂಣಿಯಾಯಿತು. ಬಂಗಾಳದ ಜನ ಅವರನ್ನು ಪಂಚಪಾಂಡವರೆಂದೇ ಕರೆದರು. 1949, 1950, 1951 ಹೀಗೆ ಮೂರು ವರುಷ ಸಾಲಾಗಿ ಐ.ಎಫ್.ಎ. ಶೀಲ್ಡ್ ಅವರ ತಂಡಕ್ಕೆ ಸಂದಿತು. ಹೆಸರಿಟ್ಟವರ ಜಾಣ್ಮೆಯನ್ನು ಮೆಚ್ಚಬೇಕು. ಪಾಂಡವರು ಗೆದ್ದದ್ದು ಐವರಾಗಿದ್ದುದರಿಂದ. ಅದೇ ಭಾರತದಲ್ಲಿ ಒಬ್ಬನೇ ನುಗ್ಗಿದವನ ಕಥೆಯೂ ಇದೆಯಲ್ಲ? ಅಭಿಮನ್ಯು ಚಕ್ರವ್ಯೂಹವನ್ನು ಭೇದಿಸಿದ. ಅವನ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಹಿಂದೆ ಬರಬೇಕಾದವರನ್ನು ಸೈಂಧವ ಬಾಗಿಲಲ್ಲಿಯೇ ತಡೆದ. ಮೂವರನ್ನು ದಾಟಿ ನಾಲ್ಕನೆಯವನ ಕೈಯಲ್ಲಿ ಸಿಕ್ಕಿಬೀಳುವ ಮುಂಚೂಣಿಯ ಹುಡುಗನನ್ನು ನೋಡಿದಾಗಲೆಲ್ಲ ನನಗೆ ಆ ಪ್ರಸಂಗ ನೆನಪಾಗುತ್ತದೆ.

ವ್ಯೂಹವನ್ನು ಒಡೆಯಲು ಬೇರೊಂದು ದಾರಿಯಿದೆ. ಅದನ್ನು ಜಗತ್ತಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಹಂಗೆರಿಯವರು. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ಅವರು ಇಂಗ್ಲೆಂಡನ್ನು 6-3ರಿಂದ ಸೋಲಿಸಿದರು. ಆ ಕಾಲದ ಪದ್ಧತಿಯಂತೆ 9ನೆಯ ಅಂಗಿಯ ಸೆಂಟರ್ ಫಾರ್ವರ್ಡ್ ಎದುರಾಳಿಯ ಗೋಲಿನ ಮುಂದೆ ನಿಲ್ಲಬೇಕು. ಅವನನ್ನು ಕಾಯುವುದು ಸೆಂಟರ್ ಹಾಫ್‌ನ ಕೆಲಸ. ಹಂಗೆರಿಯ 9ನೆಯ ಅಂಗಿ ತೊಟ್ಟ ಹಿದೆಕುಟಿ ಅಲ್ಲಿ ನಿಲ್ಲಲೇ ಇಲ್ಲ. ಹಿಂದಕ್ಕೆ ಸರಿದು ಮೈದಾನದ ನಡುವಿಗೆ ಬಂದುಬಿಟ್ಟರು. ಕಾವಲುಗಾರನಿಗೆ ಧರ್ಮಸಂಕಟ: ಬೆನ್ನಟ್ಟಿ ಹೋದರೆ ಗೋಲಿನ ಮುಂದೆ ಬಯಲು ಬೀಳುತ್ತದೆ, ಇತರರು ಅಲ್ಲಿಗೆ ನುಗ್ಗುತ್ತಾರೆ; ಹೋಗದೆ ನಿಂತರೆ ಹಿದೆಕುಟಿ ನಿರಾತಂಕವಾಗಿ ಆಟವನ್ನು ನಡೆಸುತ್ತಾರೆ. ಹಿದೆಕುಟಿ ತಾವೇ ಅಂದು ಮೂರು ಗೋಲು ಹೊಡೆದರು. ಐವತ್ತೈದು ವರುಷಗಳ ತರುವಾಯ, 2009ರ ಮೇ 2ರಂದು, ಬಾರ್ಸಿಲೋನದ ಮೆಸ್ಸಿ ಮ್ಯಾಡ್ರಿಡ್ಡಿನಲ್ಲಿ ಹೀಗೆಯೇ ಹಿಂದೆ ಸರಿದು ಆಡಿದಾಗ ಆ ತಂಡ 6-2ರಿಂದ ಗೆದ್ದಿತು. ಉಪಾಯ ಹಳೆಯದು, ಹೂಡಿದ ಕಾಲು ಹೊಸದು.

ಇಂಥ ವಿಚಾರವನ್ನು ಭಾರತದಲ್ಲಿ ಆಳವಾಗಿ ಅರಿತಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಕಸುಬಿನಿಂದ ಅವರೂ ಶಾಲಾ ಮಾಸ್ತರರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ನೆವಿಲ್ ಡಿಸೋಜಾ ಆ ಪಂದ್ಯದಲ್ಲಿ ಮೂರು ಗೋಲು ಹೊಡೆದರು. 1962ರ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ರಹೀಮರು ಇನ್ನೂ ವಿಚಿತ್ರವಾದ ಕೆಲಸ ಮಾಡಿದರು. ರಕ್ಷಣೆಯ ಕಂಬದಂತಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಬೇಕಾಗಿ ಬಂತು. ಅಂಥವರನ್ನು ರಹೀಮರು ಹಿಂದಿನಿಂದ ಎತ್ತಿ ಮುಂದೆ, ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ಸೆಮಿಫೈನಲ್ಲಿನಲ್ಲಿಯೂ, ದಕ್ಷಿಣ ಕೊರಿಯವನ್ನು 2-1ರಿಂದ ಗೆದ್ದ ಫೈನಲ್ಲಿನಲ್ಲಿಯೂ ಜರ್ನೈಲ್ ಗೋಲು ಹೊಡೆದರು. ಹರಿಹರದ ಗುಡಿಯನ್ನು ಬಲ್ಲವರಿಗೆ ಇದು ಅಚ್ಚರಿಯಾಗಬೇಕಿಲ್ಲ. ಹೊಯ್ಸಳರ ದಂಡನಾಥ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಕಾಯುವ ಹರಿಯೂ ಲಯಕಾರಿ ಹರನೂ ಒಂದೇ ಮೈಯಾಗಿ ನಿಂತಿದ್ದಾರೆ.

ಹಾಗಾದರೆ ಚೆಂಡಿಲ್ಲದವನು ಓಡಬೇಕಾದ ಬಗೆ ಯಾವುದು? ಸ್ಥೂಲವಾಗಿ ಮೂರು. ಚೆಂಡಿದ್ದವನ ಸಮೀಪಕ್ಕೆ ಬಂದು ಆಸರೆ ಕೊಡುವುದು ಒಂದು. ಇಬ್ಬರಿಗಿಂತ ಮೂವರು ತ್ರಿಕೋನವಾಗಿ ನಿಂತರೆ ಚೆಂಡಿಗೆ ಸದಾ ಎರಡು ದಾರಿ. ರಕ್ಷಕನ ಬೆನ್ನ ಹಿಂದಿನ ಬಯಲಿಗೆ ನುಗ್ಗುವುದು ಎರಡನೆಯದು. ಇಲ್ಲಿ ಆಫ್‌ಸೈಡ್ ನಿಯಮದ ಹೆದರಿಕೆಯುಂಟು, ಚೆಂಡು ಗೆಳೆಯನ ಕಾಲನ್ನು ಬಿಡುವ ಕ್ಷಣಕ್ಕೆ ಮುಂಚೆ ಗೆರೆ ದಾಟಿದರೆ ಓಟ ವ್ಯರ್ಥ. ಮೂರನೆಯದು ಕಠಿಣ: ಚೆಂಡು ತನಗೆ ಬಾರದೆಂದು ತಿಳಿದೂ, ಕಾವಲುಗಾರನನ್ನು ಸೆಳೆದೊಯ್ಯುವುದಕ್ಕಾಗಿಯೇ ಪಕ್ಕಕ್ಕೆ ಓಡುವುದು. ಇದು ನಮ್ಮ ಹುಡುಗರಿಗೆ ತೀರ ಹೊಸದಲ್ಲ. ಖೊ-ಖೊ ಆಟದಲ್ಲಿ ಅಟ್ಟುವವನು ತಾನೇ ಮುಟ್ಟಬೇಕೆಂದಿಲ್ಲ. ಓಡುವವನನ್ನು ಕುಳಿತ ಗೆಳೆಯನ ಕಡೆಗೆ ತಳ್ಳಿ ‘ಖೊ’ ಕೊಟ್ಟು ತಾನು ಕುಳಿತುಬಿಡುತ್ತಾನೆ. ಔಟಾದದ್ದು ಮತ್ತೊಬ್ಬನ ಕೈಯಿಂದ, ಕೆಲಸ ಇವನದು.

ಕೆಲವು ವರುಷಗಳ ಹಿಂದೆ ಹರಿಹರದಲ್ಲಿ ಶಾಲಾ ತಂಡಗಳ ಪಂದ್ಯವೊಂದನ್ನು ನೋಡಿದೆ. ಬಲ ಅಂಚಿನಲ್ಲಿ ಆಡುತ್ತಿದ್ದ ತೆಳ್ಳನೆಯ ಹುಡುಗನೊಬ್ಬ ಎರಡು ಸಲ ಅಂಚನ್ನು ಬಿಟ್ಟು ಒಳಕ್ಕೆ ಓಡಿದ. ಚೆಂಡು ಬರಲಿಲ್ಲ, ಸುತ್ತಲಿನವರು ನಕ್ಕರು. ಮೂರನೆಯ ಸಲ ಅವನನ್ನು ಕಾಯುತ್ತಿದ್ದವನೂ ಬೆನ್ನು ಹತ್ತಿ ಹೋದ. ಬರಿದಾದ ಅಂಚಿನಲ್ಲಿ ಹಿಂದಿನಿಂದ ಹಾಫ್ ಆಡುವ ಹುಡುಗ ಚೆಂಡಿನೊಡನೆ ನುಗ್ಗಿದ. ಅವನಿಂದ ಮತ್ತೊಬ್ಬನಿಗೆ, ಅಲ್ಲಿಂದ ಬಲೆಗೆ. ಬಹುಮಾನದ ಬಟ್ಟಲು ಗೋಲು ಹೊಡೆದವನಿಗೆ ಸಂದಿತು, ಅದು ಸರಿಯೇ. ಮುಂದಿನ ವರುಷ ಆ ತಂಡದಲ್ಲಿ ತೆಳ್ಳನೆಯ ಹುಡುಗ ಕಾಣಲಿಲ್ಲ. ವಿಚಾರಿಸಿದರೆ, ‘ವರುಷವೆಲ್ಲ ಆಡಿ ಒಂದು ಗೋಲೂ ಇಲ್ಲ, ಬರಿದೆ ಓಡಾಡುತ್ತಾನೆ’ ಎಂಬ ಉತ್ತರ ಬಂತು. ಆ ಶಾಲೆ ಯಾವುದೆಂದು ಹೇಳುವ ಅಗತ್ಯವಿಲ್ಲ. ಹಾಗೆ ಎಣಿಸುವ ಶಾಲೆಗಳು ಅನೇಕ.

ಎಣಿಕೆಗೆ ಸಿಕ್ಕದ್ದನ್ನು ಲೆಕ್ಕದಿಂದ ಬಿಟ್ಟರೆ ಹುಡುಗರು ಬೇಗನೆ ಕಲಿಯುವ ಪಾಠ ಒಂದೇ: ಓಡಬೇಡ, ಚೆಂಡಿನ ಬಳಿ ನಿಲ್ಲು. ಆಟದಲ್ಲಿ ಹೀಗೆ ಕಲಿತವನು ಮನೆಯಲ್ಲಿ, ಕಚೇರಿಯಲ್ಲಿ, ಸಾರ್ವಜನಿಕ ಕಾರ್ಯದಲ್ಲಿ ಬೇರೆಯಾಗಿ ನಡೆದಾನೆಂದು ನನಗೆ ನಂಬಿಕೆಯಿಲ್ಲ. ಕ್ರೀಡಾಶಿಕ್ಷಕರಲ್ಲಿ ನನ್ನ ಬಿನ್ನಹವಿಷ್ಟು: ಗೋಲು ಹೊಡೆದವನ ಹೆಸರಿನ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಗೆರೆ ಎಳೆದಿಡಿ, ದಾರಿ ಬಿಡಿಸಿಕೊಟ್ಟವನಾರು ಎಂಬುದನ್ನು ಅಲ್ಲಿ ಬರೆಯಿರಿ. ಖರ್ಚಿಲ್ಲದ ಕೆಲಸ.

2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದ ಈ ನಾಡಿಗೆ ಅದು 54 ವರುಷಗಳ ಮೇಲೆ ಮರಳಿ ಬಂದ ಭಾಗ್ಯ. ಆ ಬಟ್ಟಲಿಗೆ ದಾವಣಗೆರೆಯ ಕಾಲುಗಳೂ ಒಂದು ದಿನ ಓಡಬಾರದೇಕೆ? ವಾಚಕರು ಮುಂದೆ ಎಲ್ಲಿಯಾದರೂ ಪಂದ್ಯ ನೋಡುವಾಗ ಐದು ನಿಮಿಷ ಚೆಂಡನ್ನು ಮರೆತು, ಯಾರಾದರೊಬ್ಬ ಆಟಗಾರನನ್ನು ಆರಿಸಿಕೊಂಡು ಅವನನ್ನೇ ನೋಡಲಿ. ಅವನು ಯಾವಾಗ ನಿಂತ, ಯಾವಾಗ ಓಡಿದ, ಯಾರನ್ನು ತನ್ನೊಡನೆ ಕರೆದೊಯ್ದ ಎಂಬುದನ್ನು ಗಮನಿಸಲಿ. ಅಷ್ಟರಲ್ಲಿ ಮತ್ತೊಂದು ತುದಿಯಲ್ಲಿ ಗೋಲಾಗಿ ಜನ ಕೂಗಿದರೆ, ಅದು ಹೇಗಾಯಿತೆಂದು ಪಕ್ಕದವರನ್ನು ಕೇಳಬೇಕಾಗಿ ಬರಲಾರದು.