ಕಣ್ಣಿನ ಸುತ್ತಣ ಚರ್ಮವೂ ವೈದ್ಯನ ಮುಗಿಯದ ವ್ಯಾಸಂಗವೂ

ಮಾನವಶರೀರದಲ್ಲಿ ಅತ್ಯಂತ ತೆಳುವಾದ ಚರ್ಮವಿರುವುದು ಕಣ್ಣಿನ ರೆಪ್ಪೆಯ ಮೇಲೆ. ಅದರ ಕೆಳಗಣ ಅಂಗಾಂಶವು ಸಡಿಲವಾದುದರಿಂದ ಅಲ್ಪ ಕಾರಣಕ್ಕೂ ಅಲ್ಲಿ ಬಾವು ಕಾಣಿಸಿಕೊಳ್ಳುತ್ತದೆ. ಈ ಸ್ಥಳವು ಚರ್ಮವೈದ್ಯನಿಗೂ ನೇತ್ರವೈದ್ಯನಿಗೂ ಸೇರಿದ ಗಡಿನಾಡು. ಗಡಿನಾಡಿನ ಕಷ್ಟವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ; ಇಬ್ಬರಿಗೂ ಸೇರಿದುದನ್ನು ಇಬ್ಬರೂ ಅಲಕ್ಷಿಸುವುದುಂಟು.

ಸರ್ಪಸುತ್ತನ್ನೇ ತೆಗೆದುಕೊಳ್ಳಬಹುದು. ಸೀತಾಳೆ ಸಿಡುಬನ್ನು ತಂದ ವೈರಸ್ಸು ರೋಗಿ ಗುಣವಾದ ಮೇಲೂ ನರಗಳ ಬುಡದಲ್ಲಿ ಅಡಗಿದ್ದು, ವೃದ್ಧಾಪ್ಯದಲ್ಲಿಯೋ ದೇಹಶಕ್ತಿ ಕುಂದಿದಾಗಲೋ ಮತ್ತೆ ತಲೆಯೆತ್ತುತ್ತದೆ. ಹಣೆಯ ಒಂದು ಪಾರ್ಶ್ವದಲ್ಲಿಯೂ ರೆಪ್ಪೆಯಲ್ಲಿಯೂ ಉರಿಯೊಡನೆ ಗುಳ್ಳೆಗಳೇಳುತ್ತವೆ. ಗುಳ್ಳೆಯು ಮೂಗಿನ ತುದಿಗೂ ಹಬ್ಬಿದರೆ ಕಣ್ಣುಗುಡ್ಡೆಗೆ ಅಪಾಯವು ಸಮೀಪಿಸಿತೆಂದೇ ತಿಳಿಯಬೇಕು. ಮೂಗಿನ ತುದಿಗೂ ಕಣ್ಣಿನ ಒಳಭಾಗಕ್ಕೂ ಹೋಗುವುದು ಒಂದೇ ನರದ ಕವಲು. ಈ ಚಿಹ್ನೆಯನ್ನು 1860ರ ದಶಕದಲ್ಲಿ ಗುರುತಿಸಿದವನು ಲಂಡನ್ನಿನ ಜೊನಾಥನ್ ಹಚಿನ್ಸನ್ (1828–1913). ಅವನು ಕಣ್ಣಿನ ಆಸ್ಪತ್ರೆಯಲ್ಲಿಯೂ ಚರ್ಮರೋಗಗಳ ಆಸ್ಪತ್ರೆಯಲ್ಲಿಯೂ ದುಡಿದವನಾದುದರಿಂದಲೇ ಈ ಗಡಿಯು ಅವನಿಗೆ ಪರಿಚಿತವಾಗಿದ್ದಿತು.

ಪದವಿ ಪಡೆದ ವೈದ್ಯರೂ ಮರಳಿ ಕಲಿಯಬೇಕೆಂಬುದು ಅವನ ದೃಢವಾದ ನಂಬಿಕೆ. 1899ರಲ್ಲಿ ಲಂಡನ್ನಿನಲ್ಲಿ ತೆರೆದ, ವೈದ್ಯ ಪದವೀಧರರ ಕಾಲೇಜು ಹಾಗೂ ಪಾಲಿಕ್ಲಿನಿಕ್ಕಿನ ಸ್ಥಾಪನೆಯಲ್ಲಿ ಅವನೇ ಮುಂದಾಳು. ವೃತ್ತಿನಿರತ ವೈದ್ಯರು ಅಲ್ಲಿಗೆ ಬಂದು ರೋಗಿಗಳನ್ನು ಕಣ್ಣಾರೆ ಕಂಡು ಚರ್ಚಿಸುತ್ತಿದ್ದರು.

ಅಂದಿಗಿಂತ ಇಂದು ಕಲಿಯಬೇಕಾದುದು ಹೆಚ್ಚಾಗಿದೆ. ಹಚಿನ್ಸನ್ನನ ಕಾಲದಲ್ಲಿ ಸರ್ಪಸುತ್ತಿಗೆ ಮದ್ದಿರಲಿಲ್ಲ. ಈಗ ವೈರಸ್ ನಿರೋಧಕ ಔಷಧಗಳಿವೆ. ಆದರೆ ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಅವುಗಳನ್ನು ಪ್ರಾರಂಭಿಸುವುದು ಶ್ರೇಯಸ್ಕರ. 1952ರಲ್ಲಿ ಹೈಡ್ರೊಕಾರ್ಟಿಸೋನ್ ಲೇಪನದ ಗುಣವು ಪ್ರಕಟವಾದಂದಿನಿಂದ ಇಸಬಿನ ಚಿಕಿತ್ಸೆಯೇ ಬದಲಾಯಿತು. ಆದರೆ ತೀಕ್ಷ್ಣವಾದ ಸ್ಟೀರಾಯ್ಡ್ ಮುಲಾಮನ್ನು ರೆಪ್ಪೆಗೆ ಬಹುಕಾಲ ಹಚ್ಚಿದರೆ ಚರ್ಮ ಸವೆಯುವುದಲ್ಲದೆ, ಕಣ್ಣಿನೊಳಗಣ ಒತ್ತಡವೇರಿ ಗ್ಲಾಕೋಮವೂ, ಪೊರೆಯೂ ಸಂಭವಿಸಬಹುದು. ಅನೇಕ ವೇಳೆ ಮುಲಾಮಿಗಿಂತ ವಿಚಾರಣೆಯೇ ಮೇಲು. ತಲೆಗೂದಲಿನ ಬಣ್ಣವಾಗಲಿ ಉಗುರಿನ ಬಣ್ಣವಾಗಲಿ ಒಗ್ಗದಿದ್ದಾಗ, ಹಚ್ಚಿದೆಡೆ ಸುಮ್ಮನಿದ್ದು ರೆಪ್ಪೆಯು ಊದಿಕೊಳ್ಳುವುದುಂಟು. ಇನ್ನು ವೃದ್ಧರ ರೆಪ್ಪೆಯಲ್ಲಿ ಒಂದೇ ಕಡೆ ಮತ್ತೆ ಮತ್ತೆ ಏಳುವ ಗಂಟನ್ನು ಸಾಮಾನ್ಯ ಕುರುವೆಂದು ಬಿಡಲಾಗದು. ಅದು ಮೇದೋಗ್ರಂಥಿಯ ಕ್ಯಾನ್ಸರ್ ಆಗಿರಬಹುದು. ತುಣುಕನ್ನು ತೆಗೆದು ಪರೀಕ್ಷಿಸಿಯೇ ನಿಶ್ಚಯಿಸಬೇಕು.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು, ವೈದ್ಯನು 5 ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಕಾಲ ಇಂಥ ಮುಂದುವರಿದ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು ವಿಧಿಸಿತು. ವರ್ಷಕ್ಕೆ 6 ಗಂಟೆಯೆಂದರೆ ದೊಡ್ಡ ಹೊರೆಯಲ್ಲ. ಸಭೆಯಲ್ಲಿ ಹಾಜರಿ ಹಾಕಿ ಬಂದರೆ ಲೆಕ್ಕವೂ ತುಂಬುತ್ತದೆ. ಆದರೆ ಮೂಗಿನ ತುದಿಯ ಒಂದು ಗುಳ್ಳೆಯನ್ನು ಕಂಡು ರೋಗಿಯನ್ನು ಅಂದೇ ನೇತ್ರವೈದ್ಯನಲ್ಲಿಗೆ ಕಳುಹಿಸುವ ಎಚ್ಚರವು ಹಾಜರಿಯಿಂದ ಬರುವಂಥದಲ್ಲ. ಆ ಎಚ್ಚರ ತಪ್ಪಿದಲ್ಲಿ ನಷ್ಟವಾಗುವುದು ವೈದ್ಯನ ಅಂಕಗಳಲ್ಲ, ರೋಗಿಯ ದೃಷ್ಟಿ.