ಸದ್ದಿಲ್ಲದ ವೇಗ

ದಾರಿಯ ಮೇಲೆ ನಡೆಯುವವನಿಗಿರುವ ಹಕ್ಕು ಎಲ್ಲ ವಾಹನಗಳ ಹಕ್ಕಿಗಿಂತಲೂ ಹಳೆಯದು. ಗಾಡಿ ಹುಟ್ಟುವುದಕ್ಕೆ ಮೊದಲೇ ದಾರಿ ಹುಟ್ಟಿತು; ಅದನ್ನು ಸವೆಸಿದುದು ಮನುಷ್ಯರ ಮತ್ತು ದನಕರುಗಳ ಹೆಜ್ಜೆ. ಮುಂದೆ ಎತ್ತಿನ ಬಂಡಿ ಬಂದಿತು, ಜಟಕಾ ಬಂದಿತು, ಸೈಕಲ್ ಬಂದಿತು. ಇವೆಲ್ಲವೂ ಪಾದಚಾರಿಯೊಡನೆ ಒಂದೇ ದಾರಿಯಲ್ಲಿ ಹೊಂದಿಕೊಂಡು ಸಾಗಿದವು. ಅವುಗಳ ವೇಗ ನಡಿಗೆಯ ವೇಗಕ್ಕಿಂತ ತೀರ ಹೆಚ್ಚಾಗಿರಲಿಲ್ಲ. ಅಲ್ಲದೆ, ಅವು ಬರುತ್ತಿರುವುದು ದೂರದಿಂದಲೇ ಕಿವಿಗೆ ಬೀಳುತ್ತಿತ್ತು. ಎತ್ತಿನ ಕೊರಳ ಗಂಟೆ, ಕುದುರೆಯ ಗೊರಸಿನ ಸಪ್ಪಳ, ಸೈಕಲ್ಲಿನ ಬೆಲ್ಲು ಇವು ಮುಂದೆ ನಡೆಯುವವನಿಗೆ ಪಕ್ಕಕ್ಕೆ ಸರಿಯುವಷ್ಟು ಅವಕಾಶವನ್ನು ಕೊಡುತ್ತಿದ್ದವು.

ಯಂತ್ರದಿಂದ ಓಡುವ ಗಾಡಿ ದಾರಿಗೆ ಇಳಿದಾಗ ಈ ಹೊಂದಾಣಿಕೆ ಕೆಟ್ಟಿತು. ಇಂಗ್ಲೆಂಡಿನಲ್ಲಿ 1865ರಲ್ಲಿ ಒಂದು ವಿಚಿತ್ರವಾದ ಕಾನೂನು ಜಾರಿಗೆ ಬಂದಿತು. ಅದರಂತೆ ಉಗಿಗಾಡಿಯ ಮುಂದೆ ಒಬ್ಬ ಮನುಷ್ಯನು ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಊರೊಳಗೆ ಗಾಡಿಯ ವೇಗ ಗಂಟೆಗೆ ಎರಡು ಮೈಲಿಯನ್ನು ಮೀರಬಾರದಾಗಿತ್ತು. ಇಂದು ನಮಗೆ ನಗು ಬರಬಹುದು. ಆದರೆ ಆ ಕಾನೂನು ಮಾಡಿದವರಿಗೆ ಒಂದು ಸಂಗತಿ ತಿಳಿದಿತ್ತು: ವೇಗವುಳ್ಳವನೂ ವೇಗವಿಲ್ಲದವನೂ ಒಂದೇ ದಾರಿಯಲ್ಲಿ ಸಾಗುವಾಗ ಎಚ್ಚರಿಕೆಯ ಹೊಣೆ ವೇಗವುಳ್ಳವನದು. ಮುಂದೆ ಮೋಟಾರಿಗೆ ರಸ್ತೆಯ ನಡುಭಾಗವನ್ನು ಕೊಟ್ಟು, ನಡೆಯುವವರಿಗೆ ಅಂಚಿನಲ್ಲಿ ಕಾಲುದಾರಿಯನ್ನು ಕಟ್ಟಿ ಈ ತೊಡಕನ್ನು ಬಗೆಹರಿಸಲಾಯಿತು.

ಈಗ ಅದೇ ತೊಡಕು ಹೊಸ ರೂಪದಲ್ಲಿ ಮರಳಿ ಬಂದಿದೆ. ಅದಕ್ಕೆ ಕಾರಣವಾದುದು, ಜನರು ಬ್ಯಾಟರಿ ಗಾಡಿ ಎಂದು ಕರೆಯುವ ವಿದ್ಯುತ್ ಬೈಕು. ಇದು ಕೆಟ್ಟ ವಸ್ತುವೆಂದು ಯಾರೂ ಭಾವಿಸಬೇಕಾಗಿಲ್ಲ. ಇದು ಹೊಗೆ ಉಗುಳುವುದಿಲ್ಲ, ಪೆಟ್ರೋಲ್ ಬೇಡುವುದಿಲ್ಲ. ಮೊಣಕಾಲು ನೋವಿನಿಂದ ಸೈಕಲ್ ತುಳಿಯಲಾರದ ಹಿರಿಯರಿಗೆ, ಮನೆಮನೆಗೆ ಹಾಲು ಹಾಕುವವರಿಗೆ, ದೂರದ ಶಾಲೆಗೆ ಹೋಗುವ ಅಧ್ಯಾಪಕರಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಕರ್ನಾಟಕ ಸರ್ಕಾರವು 2017ರಲ್ಲಿ, ದೇಶದ ಉಳಿದ ರಾಜ್ಯಗಳಿಗಿಂತ ಮುಂಚಿತವಾಗಿ, ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿ ಇಂಥ ವಾಹನಗಳಿಗೆ ಪ್ರೋತ್ಸಾಹ ನೀಡಿತು.

ನಮ್ಮ ಕಾನೂನು ಈ ಬೈಕಿಗೆ ಒಂದು ವಿಶೇಷವಾದ ರಿಯಾಯಿತಿಯನ್ನು ಕೊಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿನೊಳಗಿದ್ದು, ಬ್ಯಾಟರಿಯನ್ನು ಬಿಟ್ಟು ತೂಕ 60 ಕಿಲೋಗ್ರಾಮಿಗೆ ಮೀರದಿದ್ದರೆ ಅಂಥ ಎರಡು ಚಕ್ರದ ಗಾಡಿಯನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಓಡಿಸುವವನಿಗೆ ಚಾಲನಾ ಪರವಾನಗಿ ಬೇಡ. (ಒಂದು ಕಾಲದಲ್ಲಿ ಸಾಮಾನ್ಯ ಸೈಕಲ್ಲಿಗೂ ಪುರಸಭೆಯ ಬಿಲ್ಲೆ ಬೇಕಾಗಿತ್ತು, ರಾತ್ರಿ ದೀಪವಿಲ್ಲದೆ ಸಾಗಿದವನ ಸೈಕಲ್ಲಿನ ಗಾಳಿಯನ್ನು ಪೊಲೀಸಿನವರು ಬಿಡುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.) ಇಷ್ಟು ಧಾರಾಳವಾದ ರಿಯಾಯಿತಿ ಏತಕ್ಕೆ? ಆರೋಗ್ಯವಂತನೊಬ್ಬನು ದಣಿವಿಲ್ಲದೆ ಸೈಕಲ್ ತುಳಿಯುವಾಗ ಸುಮಾರು 75ರಿಂದ 100 ವಾಟ್ ಶಕ್ತಿಯನ್ನು ನೀಡಬಲ್ಲನು. 250 ವಾಟ್ ಎಂದರೆ ಇಬ್ಬರು ಮೂವರು ಒಟ್ಟಿಗೆ ತುಳಿದಂತೆ. ಅಶ್ವಶಕ್ತಿಯ ಲೆಕ್ಕದಲ್ಲಿ ಮೂರನೆಯ ಒಂದು ಭಾಗ. ಈ ಗಾಡಿ ಸೈಕಲ್ಲಿನ ಜಾತಿಗೇ ಸೇರಿದುದು ಎಂದು ಕಾನೂನು ನಂಬಿದೆ. ನಿಧಾನವಾಗಿರುವೆನೆಂಬ ಮಾತಿನ ಮೇಲೆ ಅದಕ್ಕೆ ಈ ಸ್ವಾತಂತ್ರ್ಯ ದೊರೆತಿದೆ.

ಆ ಮಾತನ್ನು ಮುರಿಯುವುದು ಕಷ್ಟವಲ್ಲ, ಕಷ್ಟವಾಗಿದ್ದರೆ ಚೆನ್ನಾಗಿತ್ತು. ಬ್ಯಾಟರಿಗೂ ಮೋಟಾರಿಗೂ ನಡುವೆ ಕಂಟ್ರೋಲರ್ ಎಂಬ ಚಿಕ್ಕ ಪೆಟ್ಟಿಗೆಯಿರುತ್ತದೆ. ಸವಾರನು ಹಿಡಿಯನ್ನು ತಿರುವಿದಾಗ ಎಷ್ಟು ವಿದ್ಯುತ್ತನ್ನು ಮೋಟಾರಿಗೆ ಬಿಡಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ವೇಗ ಮಿತಿಯನ್ನು ಮುಟ್ಟಿದೊಡನೆ ಹರಿವನ್ನು ತಡೆಯುತ್ತದೆ. ಎಷ್ಟೋ ಗಾಡಿಗಳಲ್ಲಿ ಈ ತಡೆ ಒಂದೇ ಒಂದು ತಂತಿಯ ಜೋಡಣೆಯನ್ನು ಅವಲಂಬಿಸಿದೆ. ಅದನ್ನು ಕತ್ತರಿಸಿದರೆ ಮಿತಿ ಹೋಯಿತು. ಆದರೂ ನಿಜವಾದ 250 ವಾಟ್ ಮೋಟಾರು ಬಹಳ ಜೋರಾಗಿ ಓಡಲಾರದು. ವೇಗ ಇಮ್ಮಡಿಯಾದರೆ ಗಾಳಿಯ ತಡೆಯನ್ನು ಎದುರಿಸಲು ಎಂಟು ಪಟ್ಟು ಶಕ್ತಿ ಬೇಕಾಗುತ್ತದೆ. ಆದುದರಿಂದ, ‘ಪರವಾನಗಿ ಬೇಡದ ಗಾಡಿ’ ಎಂಬ ಹೆಸರಿನಲ್ಲಿ ಮಾರಾಟವಾಗಿ 50 ಕಿಲೋಮೀಟರ್ ವೇಗದಲ್ಲಿ ಓಡುವ ಬೈಕಿನೊಳಗೆ ಚೀಟಿಯಲ್ಲಿ ಬರೆದುದಕ್ಕಿಂತ ದೊಡ್ಡ ಮೋಟಾರು ಅಡಗಿದೆ ಎಂದೇ ತಿಳಿಯಬೇಕು. 2023ರಲ್ಲಿ ನೆರೆಯ ಕೇರಳದ ಮೋಟಾರು ವಾಹನ ಇಲಾಖೆಯು ಮಾರಾಟದ ಮಳಿಗೆಗಳನ್ನು ತಪಾಸಣೆ ಮಾಡಿದಾಗ ಇಂಥ ವಂಚನೆ ಬಯಲಿಗೆ ಬಂದಿತು.

ಇಪ್ಪತ್ತೈದು ಐವತ್ತಾದರೆ ಅಪಾಯವೂ ಎರಡರಷ್ಟಾಗುವುದೆಂದು ಹಲವರು ತಿಳಿಯುತ್ತಾರೆ. ಲೆಕ್ಕ ಹಾಗಿಲ್ಲ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದುತ್ತೀರಿ. ಅದರಂತೆ ವೇಗ ಇಮ್ಮಡಿಯಾದಾಗ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಅಪ್ಪಳಿಸುವುದು ಸುಮಾರು ಎರಡೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದುದಕ್ಕೆ ಸಮ. 50 ಕಿಲೋಮೀಟರ್ ವೇಗದಲ್ಲಾದರೆ ಸುಮಾರು ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಂತೆ. ಇನ್ನು ಗಾಡಿಯನ್ನು ನಿಲ್ಲಿಸುವ ಮಾತು. ಮುಂದೆ ಮಗುವೊಂದು ಅಡ್ಡ ಬಂದಿತೆನ್ನಿ. ಕಣ್ಣು ಕಂಡುದನ್ನು ಕೈ ಕಾರ್ಯಕ್ಕೆ ತರಲು ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 25ರ ವೇಗದ ಗಾಡಿ ಏಳು ಮೀಟರ್ ಸಾಗಿರುತ್ತದೆ. ಒಣ ಡಾಂಬರಿನ ಮೇಲೆ ಸಾಧಾರಣವಾದ ಬ್ರೇಕಿನಿಂದ ಇನ್ನು ಆರು ಮೀಟರಿನಲ್ಲಿ ಅದು ನಿಲ್ಲಬಹುದು. ಒಟ್ಟು ಹದಿಮೂರು ಮೀಟರ್. 50ರ ವೇಗದಲ್ಲಿ ಬರುವ ಗಾಡಿಗೆ ಮೊದಲು ಹದಿನಾಲ್ಕು, ಬ್ರೇಕು ಒತ್ತಿದ ಮೇಲೆ ಇಪ್ಪತ್ತನಾಲ್ಕು, ಒಟ್ಟು ಮೂವತ್ತೆಂಟು ಮೀಟರ್ ಬೇಕು. ಹಗುರವಾದ ಆ ಗಾಡಿಯ ಬ್ರೇಕು, ಟೈರು, ಚೌಕಟ್ಟುಗಳನ್ನು ಮಾಡಿರುವುದು ಕಡಿಮೆ ವೇಗಕ್ಕಾಗಿ. ತಂತಿ ಕತ್ತರಿಸಿದಾಕ್ಷಣ ಬ್ರೇಕು ಬಲವಾಗುವುದಿಲ್ಲವಷ್ಟೆ!

ಇದರ ಮೇಲೆ ಮೌನವೊಂದು ಬೇರೆ. ಪೆಟ್ರೋಲ್ ಬೈಕಿನ ಆರ್ಭಟವನ್ನು ಶಪಿಸುವ ನಾವು, ಅದೇ ಆರ್ಭಟ ಎಷ್ಟೋ ಪಾದಚಾರಿಗಳನ್ನು ಉಳಿಸಿದೆಯೆಂಬುದನ್ನು ಮರೆಯುತ್ತೇವೆ. ಬೆನ್ನ ಹಿಂದೆ ಬರುವ ವಿದ್ಯುತ್ ಬೈಕಿನ ಸದ್ದು ಸಂತೆಯ ಗದ್ದಲದಲ್ಲಿ ಚುರುಕಾದ ಕಿವಿಗೂ ಕೇಳಿಸದು. ಕಿವಿ ಮಂದವಾದ ವೃದ್ಧರಿಗೂ, ಸಪ್ಪಳವನ್ನೇ ಕಣ್ಣಾಗಿಸಿಕೊಂಡ ಅಂಧರಿಗೂ ಅದು ಬಂದದ್ದು ತಿಳಿಯುವುದು ಬಂದ ಮೇಲೆಯೇ.

ಬೆಂಗಳೂರಿನಲ್ಲಿ ಈ ಕಷ್ಟವನ್ನು ದಿನವೂ ಕಾಣಬಹುದು. ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸಿದೆ. ಇಬ್ಬರು ಎದುರುಬದುರಾಗಿ ದಾಟಲು ಅಷ್ಟು ಜಾಗ ಸಾಕು. ವಾಹನಗಳು ರಸ್ತೆಯಲ್ಲಿ ಕಿಕ್ಕಿರಿದು ನಿಂತಾಗ ಎರಡು ಚಕ್ರದವರು ಅದೇ ಜಾಗಕ್ಕೆ ಏರುತ್ತಾರೆ. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗೂಟಗಳನ್ನು ನೆಟ್ಟು ಸೈಕಲ್ಲಿಗೆಂದು ಒಂದು ಪಥವನ್ನು ಗುರುತಿಸಿದಾಗ ಅದರೊಳಗೂ ಮೋಟಾರು ಬೈಕುಗಳು ನುಗ್ಗಿದವು. ಸೈಕಲ್ಲಿನ ನಾಡೆಂದು ಹೆಸರಾದ ನೆದರ್ಲೆಂಡ್ಸಿಗೂ ಈ ಪೀಡೆ ತಪ್ಪಿಲ್ಲ. ಗಂಟೆಗೆ 45 ಕಿಲೋಮೀಟರ್ ವರೆಗೆ ಓಡುವ ವಿದ್ಯುತ್ ಸೈಕಲ್ಲನ್ನು 2017ರಿಂದ ಅಲ್ಲಿ ಮೊಪೆಡ್ ಎಂದೇ ಪರಿಗಣಿಸಿ, ಸಂಖ್ಯಾಫಲಕವನ್ನೂ ಶಿರಸ್ತ್ರಾಣವನ್ನೂ ಕಡ್ಡಾಯ ಮಾಡಿದ್ದಾರೆ. ಕಳ್ಳತನದಿಂದ ವೇಗ ಹೆಚ್ಚಿಸಿದ ಗಾಡಿಗಳನ್ನು ಹಿಡಿಯಲು ಅಲ್ಲಿನ ಪೊಲೀಸರು ರಸ್ತೆಬದಿಯಲ್ಲಿಯೇ ಉರುಳೆಗಳ ಮೇಲೆ ಚಕ್ರವನ್ನು ತಿರುಗಿಸಿ ಅಳೆಯುವ ಯಂತ್ರವನ್ನು ಬಳಸುತ್ತಾರೆ.

ಜಗಳೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಸೈಕಲ್ಲಿಗೆಂದು ಮೀಸಲಾದ ಪಥ ಕಾಣಸಿಗುವುದು ಅಪರೂಪ. ಹಾಗೆಂದು ಈ ಪ್ರಶ್ನೆ ನಮ್ಮದಲ್ಲವೆಂದು ಹೇಳುವಂತಿಲ್ಲ. ಇಲ್ಲಿ ನಡೆಯುವವರೂ ಸೈಕಲ್ಲಿನವರೂ ಹಂಚಿಕೊಂಡಿರುವುದು ಡಾಂಬರಿನ ಮಗ್ಗುಲಿನ ಮಣ್ಣಿನ ಅಂಚನ್ನು. ಬಿಳಿಚೋಡು, ಸೊಕ್ಕೆಗಳ ಕಡೆಯ ಹಳ್ಳಿಗಳಲ್ಲಿ ಹೊಲಕ್ಕೆ ಹೋಗುವವರು, ಕುರಿ ಹೊಡೆದುಕೊಂಡು ಬರುವವರು, ಶಾಲೆಯ ಮಕ್ಕಳು ಎಲ್ಲರಿಗೂ ಅದೇ ರಾಜಮಾರ್ಗ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿದ ಮೇಲೆ, ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಈ ಅಂಚಿನಲ್ಲಿಯೇ ಪ್ರೌಢಶಾಲೆಗೆ ಬಂದರು. ಮುಂಗಾರಿನ ಫಸಲು ಕೈಸೇರಿದಾಗ ಈ ಅಂಚೂ ಉಳಿಯುವುದಿಲ್ಲ. ಕಣಗಳು ಕಡಿಮೆಯಾದ ಈ ಕಾಲದಲ್ಲಿ ರೈತರು ಮೆಕ್ಕೆಜೋಳವನ್ನು ರಸ್ತೆಯ ಮೇಲೆಯೇ ಒಣಹಾಕುತ್ತಾರೆ. ಅರ್ಧ ರಸ್ತೆ ಕಾಳಿನ ಪಾಲಾಗುತ್ತದೆ. ಉಳಿದ ಅರ್ಧದಲ್ಲಿ ಬಸ್ಸು, ಟ್ರ್ಯಾಕ್ಟರು, ಮಕ್ಕಳು ಎಲ್ಲರೂ ಸಾಗಬೇಕು. ಚೆದುರಿದ ಕಾಳಿನ ಮೇಲೆ ಚಕ್ರ ಜಾರುವುದು ಸುಲಭ. ಅಂಥಲ್ಲಿ ಸದ್ದಿಲ್ಲದೆ 50ರ ವೇಗದಲ್ಲಿ ಬರುವ ಗಾಡಿಗೆ ಮೂವತ್ತೆಂಟು ಮೀಟರೂ ಸಾಲದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಮೋಟಾರು ವಾಹನವನ್ನು ಕಾಲುದಾರಿಯ ಮೇಲಾಗಲಿ ಸೈಕಲ್ ಪಥದ ಮೇಲಾಗಲಿ ಓಡಿಸಕೂಡದೆಂಬ ನಿಯಮವಿದೆ. ಕಾಲುದಾರಿಯಲ್ಲಿ ನಿರ್ಭಯವಾಗಿ ನಡೆಯುವುದು ಸಂವಿಧಾನದ 21ನೆಯ ವಿಧಿಯಡಿ ಬರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ. ತಂತಿ ಕತ್ತರಿಸಿದ ಬೈಕು 25ರ ಮಿತಿಯನ್ನು ದಾಟಿದೊಡನೆ ರಿಯಾಯಿತಿಯನ್ನು ಕಳೆದುಕೊಂಡು ಮೋಟಾರು ವಾಹನವಾಗುತ್ತದೆ. ಆಗ ಅದಕ್ಕೆ ನೋಂದಣಿ ಬೇಕು, ಹಸಿರು ಸಂಖ್ಯಾಫಲಕ ಬೇಕು, ವಿಮೆ ಬೇಕು, ಸವಾರನಿಗೆ ಪರವಾನಗಿ ಬೇಕು. ನಿಮ್ಮ ವಯಸ್ಸಿನವರಿಗೆ ಆ ಪರವಾನಗಿ ದೊರೆಯುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಕನು ಮೋಟಾರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಇಲ್ಲವೆ ವಾಹನದ ಒಡೆಯರು 25,000 ರೂಪಾಯಿ ದಂಡಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದು.

ವಿಮೆಯ ಮಾತನ್ನು ಜನರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ನೋಂದಣಿಯಾದ ಬೈಕು ಯಾರಿಗಾದರೂ ಬಡಿದರೆ ಆಸ್ಪತ್ರೆಯ ವೆಚ್ಚವನ್ನೂ ಪರಿಹಾರವನ್ನೂ ವಿಮಾ ಕಂಪನಿಯಿಂದ ಕೇಳಬಹುದು. ಕದ್ದು ವೇಗ ಹೆಚ್ಚಿಸಿದ ಗಾಡಿಗೆ ಅಂಥ ಕಂಪನಿಯೇ ಇಲ್ಲ. ಸೊಂಟ ಮುರಿದುಕೊಂಡು ಮಲಗಿದ ಅಜ್ಜಿಯ ಮನೆಯವರು ದಾವೆ ಹೂಡಿದರೆ, ಹಣ ತೆರಬೇಕಾದವನು ಆ ಗಾಡಿಯ ಒಡೆಯನೇ. ಅವನ ಬಳಿ ಹಣವಿಲ್ಲದಿದ್ದರೆ ತೀರ್ಪು ಕಾಗದದ ಮೇಲೆಯೇ ಉಳಿಯುತ್ತದೆ. ಅಜ್ಜಿಯ ಔಷಧಿಯ ಖರ್ಚು ಅವಳ ಮನೆಯವರ ಮೇಲೆಯೇ ಬೀಳುತ್ತದೆ.